‘ಉಷ್ಣ’ ಎಂದರೆ ಡಾಕ್ಟರಿಗೆ ಹೇಗೆ ಹೇಳುವುದು?

ಕನ್ನಡದಲ್ಲಿ ಹೊಟ್ಟೆಯೊಳಗೆ ಬೆಂಕಿ ಹೊತ್ತಿಕೊಳ್ಳಲು ಕಾರಣಗಳು ಬೇಕಾದಷ್ಟಿವೆ. ಪಕ್ಕದ ರೂಮಿನವನಿಗೆ ಬಡ್ತಿ ಸಿಕ್ಕರೆ ಹೊಟ್ಟೆಕಿಚ್ಚು. ಊರಿನಿಂದ ಕೆಟ್ಟ ಸುದ್ದಿ ಬಂದರೆ ಒಡಲುರಿ. ಮೀನುಸಾರಿಗೆ ಮೆಣಸು ಜಾಸ್ತಿಯಾದರೆ ಹೊಟ್ಟೆ ಉರಿ. ಇವು ಯಾವುವೂ ಅಲ್ಲದೆ ಒಳಗೆಲ್ಲ ಕಾವೇರಿದಂತಾಗಿ, ಕಣ್ಣು ಉರಿದು, ಬಾಯಿ ಹುಣ್ಣಾಗಿ, ಮೂತ್ರ ಹಳದಿಯಾದರೆ ಅದಕ್ಕೆ ಒಂದೇ ಮಾತು: ‘ಉಷ್ಣ ಆಗಿದೆ’. ತುಳು ಮಾತಾಡುವವರು ‘ಬಂಜಿ ಪೊತ್ತುಂಡು’ ಎನ್ನುತ್ತಾರೆ. ಇಷ್ಟು ಹೇಳಿದರೆ ಊರಿನಲ್ಲಿ ಅಜ್ಜಿಗೆ ಎಲ್ಲವೂ ಅರ್ಥವಾಗುತ್ತದೆ. ಮಜ್ಜಿಗೆಯೋ ಜೀರಿಗೆ ಕಷಾಯವೋ ಎದುರಿಗೆ ಬರುತ್ತದೆ.

ಕೊಲ್ಲಿಯ ಕ್ಲಿನಿಕ್ಕಿನಲ್ಲಿ ಹಾಗಲ್ಲ. ಎದುರಿಗಿರುವ ಡಾಕ್ಟರು ಕೇರಳದವರಾದರೆ ಹೇಗೋ ನಡೆಯುತ್ತದೆ. ಈಜಿಪ್ಟಿನವರೋ ಫಿಲಿಪೈನ್ಸಿನವರೋ ಆದರೆ ‘ಬಾಡಿ ಹೀಟ್’ ಎಂದು ನಾವು ಹೇಳುತ್ತೇವೆ, ಅವರು ಥರ್ಮಾಮೀಟರು ಇಡುತ್ತಾರೆ, ಜ್ವರ ಇರುವುದಿಲ್ಲ. ಎರಡು ನಿಮಿಷದಲ್ಲಿ ಒಂದು ಗ್ಯಾಸಿನ ಮಾತ್ರೆ ಬರೆದು ಕಳಿಸುತ್ತಾರೆ. ಹೆಚ್ಚಿನ ಸಲ ಅದರಿಂದ ತೊಂದರೆಯೇನೂ ಆಗುವುದಿಲ್ಲ. ಆದರೆ ಕೆಲವು ಸಲ ಆಗುತ್ತದೆ. ರಾತ್ರಿ ಎದೆಯುರಿ ಎಂದು ಸೋಡಾ ಕುಡಿದು ಮಲಗಿದವನು ಬೆಳಗಿನ ಡ್ಯೂಟಿಗೆ ಏಳಲಿಲ್ಲ ಎಂಬ ಸುದ್ದಿಯನ್ನು ನಮ್ಮಲ್ಲಿ ಕೇಳದವರು ಯಾರು? ಆ ಮೇಲೆ ಸಂಘದವರು ಕಾಗದಪತ್ರ ಹಿಡಿದು ಓಡಾಡಿ ಪೆಟ್ಟಿಗೆಯನ್ನು ಮಂಗಳೂರಿನ ವಿಮಾನಕ್ಕೆ ಏರಿಸುತ್ತಾರೆ. ಈ ಲೇಖನ ಬರೆಯಲು ಕೂತದ್ದು ಅದಕ್ಕಾಗಿ. ವಿಷಯ ಚೀನಾದ ವೈದ್ಯಕ್ಕೂ ಹೋಗುತ್ತದೆ, ಜರ್ಮನಿಯ ಒಂದು ಕಾರ್ಖಾನೆಯ ಊರಿಗೂ ಹೋಗುತ್ತದೆ. ಸ್ವಲ್ಪ ತಾಳ್ಮೆಯಿರಲಿ.

ಆ ಊರಿನ ಹೆಸರು ಫೊಯರ್‌ಬಾಕ್. ಕೊಲ್ಲಿಗೆ ಬರುವ ಮೊದಲು ನಾವು ಸಂಸಾರ ಸಮೇತ ಎರಡು ವರ್ಷ ಇದ್ದದ್ದು ಅಲ್ಲಿ. ಜರ್ಮನ್ ಭಾಷೆಯಲ್ಲಿ ಫೊಯರ್ ಎಂದರೆ ಬೆಂಕಿ, ಬಾಕ್ ಎಂದರೆ ತೋಡು, ಒಟ್ಟಿಗೆ ‘ಬೆಂಕಿತೋಡು’. ಹಳೆಯ ದಾಖಲೆಗಳಲ್ಲಿ ಇದರ ಹೆಸರು ಬೀಬರ್‌ಬಾಕ್. ಬೀಬರ್ ಎಂದರೆ ನೀರಿನಲ್ಲಿ ಅಣೆಕಟ್ಟು ಕಟ್ಟುವ ಒಂದು ಪ್ರಾಣಿ. ಬಾಯಿಂದ ಬಾಯಿಗೆ ಹೋಗುತ್ತಾ ಪ್ರಾಣಿ ಹೋಗಿ ಬೆಂಕಿ ಬಂತು. 1933ರಿಂದ ಅದು ಸ್ಟುಟ್‌ಗಾರ್ಟ್ ನಗರದ ಒಂದು ಭಾಗ. ಬೆಂಗಳೂರಿನವರಿಗೆ ಈ ಊರು ಪೂರ್ತಿ ಅಪರಿಚಿತವಲ್ಲ. ಬಾಷ್ ಕಂಪನಿಯ ದೊಡ್ಡ ಕಾರ್ಖಾನೆ ಇರುವುದು ಇಲ್ಲಿಯೇ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೆಳೆದು, ಒಂದು ಬಡಾವಣೆಗೇ ತನ್ನ ಹೆಸರು ಕೊಟ್ಟ ನಮ್ಮ ಮೈಕೋಗೆ ಇದು ತವರುಮನೆ. 2008ರಲ್ಲಿ ಮೈಕೋ ಹೆಸರು ಬಾಷ್ ಎಂದೇ ಆಯಿತು. ತರಬೇತಿಗೆಂದೋ ಪ್ರಾಜೆಕ್ಟಿಗೆಂದೋ ಇಲ್ಲಿಗೆ ಬಂದು ಹೋದ ಕನ್ನಡಿಗರು ಎಷ್ಟೋ ಜನ.

ಆದರೆ ಫೊಯರ್‌ಬಾಕ್‌ನಲ್ಲಿ ನಮ್ಮ ಕಣ್ಣಿಗೆ ಹೆಚ್ಚು ಬಿದ್ದವರು ತುರ್ಕಿಯವರು. 1961ರಲ್ಲಿ ಜರ್ಮನಿಗೂ ತುರ್ಕಿಗೂ ಒಪ್ಪಂದವಾಗಿ ಅಲ್ಲಿನ ಹಳ್ಳಿಗಳಿಂದ ಕೂಲಿಗಳು ಸಾವಿರಗಟ್ಟಲೆ ಬಂದರು. ಜರ್ಮನರು ಅವರನ್ನು ‘ಅತಿಥಿ ಕೆಲಸಗಾರರು’ ಎಂದು ಕರೆದರು. ಹೆಸರು ಚಂದವಿದೆ, ಅರ್ಥ ಇಷ್ಟೇ: ಕೆಲಸ ಮುಗಿದ ಮೇಲೆ ವಾಪಸ್ಸು ಹೋಗಬೇಕಾದವರು. ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಅವರ ಮೊಮ್ಮಕ್ಕಳು ಅಲ್ಲಿಯೇ ಅಂಗಡಿ, ಬೇಕರಿ ಇಟ್ಟುಕೊಂಡಿದ್ದಾರೆ, ದೊಡ್ಡ ಮಸೀದಿಯಿದೆ.

ಮೊದಲ ತಲೆಮಾರಿನ ಆ ಕೆಲಸಗಾರರು ಜರ್ಮನ್ ಡಾಕ್ಟರರ ಹತ್ತಿರ ಹೋಗಿ ಹೇಳುತ್ತಿದ್ದ ಮಾತುಗಳು ಜರ್ಮನಿಯ ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ಒಂದು, ‘ನನ್ನ ಪಿತ್ತಕೋಶ ಉರಿಯುತ್ತಿದೆ’. ಇನ್ನೊಂದು, ‘ನನ್ನ ಹೊಕ್ಕುಳ ಜಾರಿದೆ’. ಪಿತ್ತಕೋಶ ಎಂದು ನಾವು ಬರೆದ ತುರ್ಕಿ ಮಾತು ‘ಜಿಯೆರ್’. ಅದರಲ್ಲಿ ಲಿವರೂ ಬರುತ್ತದೆ, ಶ್ವಾಸಕೋಶವೂ ಬರುತ್ತದೆ. ಅದು ಉರಿಯುತ್ತಿದೆ ಎಂದರೆ ಕರುಳು ಬೇಯುವಂಥ ಸಂಕಟ ಎಂದು ಅರ್ಥ. ಡಾಕ್ಟರು ಲಿವರಿನ ರಕ್ತಪರೀಕ್ಷೆ ಮಾಡಿಸುತ್ತಿದ್ದರು, ಎಲ್ಲವೂ ನಾರ್ಮಲ್ ಬರುತ್ತಿತ್ತು. ಹೊಕ್ಕುಳ ಜಾರುವುದು ಏನೆಂದು ಜರ್ಮನರಿಗೆ ತಿಳಿಯಲೇ ಇಲ್ಲ. ನಮ್ಮ ಯಾವ ಹಳ್ಳಿಯ ಮುದುಕಿಯಾದರೂ ಅದನ್ನು ಹೇಳಿಕೊಡುತ್ತಿದ್ದಳು. ಭಾರ ಎತ್ತಿ ನಮ್ಮವರಿಗೂ ಹೊಕ್ಕುಳ ಸರಿಯುತ್ತದಲ್ಲ! ಕೊನೆಗೆ ಕೆಲವು ಡಾಕ್ಟರರು ಇಂಥ ರೋಗಿಗಳಿಗೆ ತಮಾಷೆಯ ಹೆಸರಿಟ್ಟರು: ‘ಮೊರ್ಬುಸ್ ಬೊಸ್ಪೊರುಸ್’, ಅಂದರೆ ಬೊಸ್ಪೊರುಸ್ ಕಡೆಯ ಕಾಯಿಲೆ. ಊರು ಬಿಟ್ಟು ಬಂದವನ ಹೊಟ್ಟೆನೋವು ಜೋಕಾಯಿತು. ಆ ಜೋಕಿನ ಹಿಂದೆ ಎಷ್ಟು ನಿಜವಾದ ಹುಣ್ಣುಗಳು ಗೊತ್ತಾಗದೆ ಹೋದವೋ ಎಂದು ಯೋಚಿಸಿದರೆ ಸಿಟ್ಟು ಬರುತ್ತದೆ.

ನಗಾಡಿದ ಜರ್ಮನರ ಭಾಷೆಯಲ್ಲಿಯೂ ಹೊಟ್ಟೆ ಸುಮ್ಮನಿಲ್ಲ ಎನ್ನುವುದು ಬೇರೆ ಮಾತು. ಸಿಟ್ಟು ಬಂದವನು ‘ನಾನು ಹುಳಿಯಾಗಿದ್ದೇನೆ’ ಎನ್ನುತ್ತಾನೆ. ಎದೆಯುರಿಗೆ ಅವರ ಹೆಸರು ಸೋಡ್‌ಬ್ರೆನ್ನನ್. ಅದರಲ್ಲಿಯೂ ಉರಿ ಇದೆ.

ಅಲ್ಲಿದ್ದಾಗ ನಮ್ಮ ಜೊತೆಗಿದ್ದ ದಾವಣಗೆರೆ ಕಡೆಯ ಒಬ್ಬರಿಗೆ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗೆ ಆಗುತ್ತಿತ್ತು. ಎಂಡೋಸ್ಕೋಪಿಯಲ್ಲಿ ಏನೂ ಸಿಗಲಿಲ್ಲ. ಯಾರೋ ಹೇಳಿದರೆಂದು ಸ್ಟುಟ್‌ಗಾರ್ಟಿನಲ್ಲಿ ಚೀನೀ ವೈದ್ಯ ಮಾಡುವ ಒಬ್ಬ ವೈದ್ಯೆಯ ಬಳಿ ಹೋದರು, ನಾವು ಮಾತಿಗೆ ಜೊತೆಗಿದ್ದೆವು. ಸೂಜಿ ಚುಚ್ಚುವುದನ್ನು ನೋಡಲು ಹೋದವರಿಗೆ ಸಿಕ್ಕಿದ್ದು ಪ್ರಶ್ನೆಗಳು. ಉರಿ ಊಟಕ್ಕೆ ಮೊದಲೋ ಆಮೇಲೋ? ಬಾಯಾರಿಕೆ ಇದೆಯೇ? ಇದ್ದರೆ ತಣ್ಣೀರು ಬೇಕೋ ಬಿಸಿನೀರೋ? ಕೈಯಿಂದ ಒತ್ತಿದರೆ ಹಿತವೋ ನೋವೋ? ಹಸಿವು ಜಾಸ್ತಿಯೋ, ಹಸಿದರೂ ತಿನ್ನಲು ಮನಸ್ಸಿಲ್ಲವೋ? ಬಾಯಿ ಕಹಿಯೋ ಅಂಟಂಟೋ? ವಸಡಿನಲ್ಲಿ ರಕ್ತ? ಮಲ ಗಟ್ಟಿಯೋ ಸಡಿಲವೋ? ಸಿಟ್ಟು ಬಂದಾಗ ಹೆಚ್ಚಾಗುತ್ತದೆಯೇ? ನಾಲಿಗೆ ಚಾಚಿಸಿ ನೋಡಿದರು, ಎರಡೂ ಕೈಯ ನಾಡಿ ಹಿಡಿದರು. ಅರ್ಧ ಗಂಟೆ ಹೋಯಿತು.

ಯಾಕಿಷ್ಟು ಪ್ರಶ್ನೆ? ಚೀನೀ ವೈದ್ಯದಲ್ಲಿ ಹೊಟ್ಟೆಯ ಬಿಸಿ ಒಂದೇ ಅಲ್ಲ. ಒಂದು ‘ಜಠರದ ಬೆಂಕಿ’: ಮೇಲ್ಹೊಟ್ಟೆಯಲ್ಲಿ ಉರಿ, ತಣ್ಣೀರಿನ ದಾಹ, ಉಂಡ ಸ್ವಲ್ಪ ಹೊತ್ತಿಗೇ ಹಸಿವು, ಬಾಯಿ ವಾಸನೆ, ಊದಿದ ವಸಡು, ಮಲಬದ್ಧತೆ, ಕೆಂಪು ನಾಲಿಗೆಯ ಮೇಲೆ ಹಳದಿ ಲೇಪ. ಇನ್ನೊಂದು ‘ತೇವದ ಬಿಸಿ’: ಹೊಟ್ಟೆ ಭಾರ, ಬಾಯಿ ಅಂಟು, ಓಕರಿಕೆ, ನಾಲಿಗೆಯ ಮೇಲೆ ಜಿಡ್ಡು. ಎಣ್ಣೆ ಪದಾರ್ಥ, ಮದ್ಯ ಹೆಚ್ಚಾದವರದ್ದು ಇದು. ಮೂರನೆಯದಕ್ಕೆ ಮೂಲ ಸಿಟ್ಟು, ನುಂಗಿಕೊಂಡ ಅವಮಾನ. ಪಿತ್ತಕೋಶದ ಶಕ್ತಿ ಹರಿಯದೆ ನಿಂತು, ಕುದ್ದು, ಜಠರದ ಮೇಲೆ ಏರಿ ಬರುತ್ತದೆ, ಹುಳಿತೇಗು, ಬಾಯಿ ಕಹಿ ಎನ್ನುತ್ತಾರೆ. ನಮ್ಮ ಹೊಟ್ಟೆಕಿಚ್ಚಿಗೆ ಇಷ್ಟು ಹತ್ತಿರದ ವಿವರಣೆ ನಾವು ಬೇರೆಲ್ಲೂ ಕಾಣಲಿಲ್ಲ. ಇದಕ್ಕೆ ಹೇಳುವ ಔಷಧಿ 14ನೇ ಶತಮಾನದ ವೈದ್ಯ ಝು ದಾನ್‌ಶಿಯ ಹೆಸರಿನಲ್ಲಿದೆ: ಹುವಾಂಗ್ ಲಿಯಾನ್ ಎಂಬ ವಿಪರೀತ ಕಹಿಯ ಬೇರು ಆರು ಪಾಲು, ಬಿಸಿ ಗುಣದ ಒಂದು ಕಾಯಿ ಒಂದು ಪಾಲು. ಆ ಬೇರಿನ ಹಳದಿ ಬಣ್ಣಕ್ಕೆ ಕಾರಣವಾದ ಬರ್ಬೆರಿನ್ ಎಂಬ ಅಂಶ ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲಿಯೂ ಇದೆ. ಇಲ್ಲಿ ಜಠರ, ಪಿತ್ತಕೋಶ ಎಂದರೆ ಸ್ಕ್ಯಾನಿನಲ್ಲಿ ಕಾಣುವ ಅಂಗ ಮಾತ್ರ ಎಂದು ತಿಳಿಯಬಾರದು. ಒಂದು ಕೆಲಸಕ್ಕೆ ಇಟ್ಟ ಹೆಸರು ಅದು.

ಕೊಲ್ಲಿಯವರಾದ ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು ನಾಲ್ಕನೆಯ ಬಗೆ. 1232ರಲ್ಲಿ ಮಂಗೋಲರು ಕೈಫೆಂಗ್ ನಗರಕ್ಕೆ ಮುತ್ತಿಗೆ ಹಾಕಿದರು. ಮುತ್ತಿಗೆ ತೆರವಾದ ಮೇಲೆ ಒಳಗಿದ್ದವರು ಮೈ ಸುಡುತ್ತಾ ರಾಶಿ ರಾಶಿಯಾಗಿ ಸತ್ತರು. ಆಗ ಅಲ್ಲಿದ್ದ ಲಿ ದೊಂಗ್‌ಯುವಾನ್ ಎಂಬ ವೈದ್ಯ ಹೇಳಿದ್ದು ಇದು: ಈ ಬಿಸಿ ಹೊರಗಿನಿಂದ ಬಂದ ರೋಗದ್ದಲ್ಲ, ಹಸಿವು, ಹೊತ್ತಲ್ಲದ ಹೊತ್ತಿನ ಊಟ, ಮಿತಿಮೀರಿದ ದುಡಿಮೆ, ಭಯ ಸೇರಿ ಹೊಟ್ಟೆಯ ಶಕ್ತಿ ಕುಸಿದಾಗ ಏಳುವ ಸುಳ್ಳು ಬೆಂಕಿ. ಇದನ್ನು ತಂಪು ಔಷಧಿಯಿಂದ ಆರಿಸಲು ಹೋದರೆ ಮನುಷ್ಯ ಇನ್ನೂ ಕುಸಿಯುತ್ತಾನೆ. ಬೆಚ್ಚಗಿನ, ಸಿಹಿ ರುಚಿಯ ಆಹಾರ, ಔಷಧಿ ಕೊಟ್ಟು ಶಕ್ತಿ ತುಂಬಬೇಕು. 1249ರ ಅವನ ‘ಪಿ ವೇ ಲುನ್’ ಗ್ರಂಥದ ತಿರುಳೂ ಇದೇ. ಆ ಸಾವುಗಳಿಗೆ ನಿಜವಾದ ಕಾರಣ ಪ್ಲೇಗೋ ಬೇರೇನೋ ಎಂದು ಇತಿಹಾಸಕಾರರು ಚರ್ಚೆ ಮಾಡಲಿ. ಹನ್ನೆರಡು ಗಂಟೆ ಸೈಟಿನಲ್ಲಿ ನಿಂತು, ಮಧ್ಯಾಹ್ನದ ಡಬ್ಬಿಯನ್ನು ಅರ್ಧಕ್ಕೆ ಮುಚ್ಚಿ, ರಾತ್ರಿ ಹನ್ನೊಂದಕ್ಕೆ ಕುಬ್ಬೂಸು ಖಾರದ ಸಾರು ತಿಂದು ಹಾಗೇ ಬಂಕ್ ಹತ್ತಿ ಮಲಗಿದವನು ಬೆಳಿಗ್ಗೆ ‘ಉಷ್ಣ’ ಎಂದು ಫ್ರಿಜ್ಜಿನ ತಣ್ಣೀರು, ಪೆಪ್ಸಿ ಕುಡಿಯುವುದನ್ನು ಲಿ ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ. ಇಂಥವನಿಗೆ ಬೇಕಾದದ್ದು ಬಿಸಿ ಕುಚ್ಚಲಕ್ಕಿ ಗಂಜಿ ಎಂದು ನಮ್ಮ ಕಡೆಯವರಿಗೂ ಗೊತ್ತು, ಎಂಟುನೂರು ವರ್ಷ ಹಿಂದಿನ ಚೀನೀಯನಿಗೂ ಗೊತ್ತಿತ್ತು.

ಹಾಗಾದರೆ ಈ ಬೆಂಕಿ ನಿಜವೇ? ಹೊಟ್ಟೆಗೆ ಥರ್ಮಾಮೀಟರು ಇಳಿಸಿದರೆ ಉರಿ ಇದ್ದಾಗಲೂ ಇಲ್ಲದಾಗಲೂ ಹೆಚ್ಚುಕಡಿಮೆ ಅದೇ ಮೂವತ್ತೇಳು ಡಿಗ್ರಿ. ಆದರೂ ಉರಿ ಬರೀ ಕಲ್ಪನೆಯಲ್ಲ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ತಂಡ ನರಗಳ ತುದಿಯಲ್ಲಿರುವ ಒಂದು ಬಾಗಿಲನ್ನು ಪತ್ತೆ ಮಾಡಿತು. ಸುಮಾರು 43 ಡಿಗ್ರಿ ದಾಟಿದ ಶಾಖಕ್ಕೆ ಅದು ತೆರೆದುಕೊಳ್ಳುತ್ತದೆ. ಮೆಣಸಿನ ಖಾರಕ್ಕೂ ಅದೇ ಬಾಗಿಲು ತೆರೆಯುತ್ತದೆ, ಆಮ್ಲಕ್ಕೂ ತೆರೆಯುತ್ತದೆ. ಅನ್ನನಾಳ, ಹೊಟ್ಟೆಯ ನರಗಳಲ್ಲಿಯೂ ಅದಿದೆ. ಮೆದುಳಿಗೆ ಹೋಗುವ ಸುದ್ದಿ ಒಂದೇ: ‘ಬಿಸಿ!’ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಕನ್ನಡಿಗ ಉಷ್ಣ ಎಂದದ್ದು, ಚೀನೀಯ ಬೆಂಕಿ ಎಂದದ್ದು, ತುರ್ಕಿಯವನು ಉರಿ ಎಂದದ್ದು ಎಲ್ಲವೂ ಆ ಬಾಗಿಲಿನ ಮಾತೇ ಇರಬೇಕು. ಬಾಗಿಲು ತಟ್ಟಿದವರು ಯಾರು ಎನ್ನುವುದಷ್ಟೇ ಪ್ರಶ್ನೆ.

ಅಡುಗೆಮನೆಗೆ ಬಂದರೆ ಚೀನೀಯರೂ ನಾವೂ ದಾಯಾದಿಗಳು. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಜನ ಕರಿದದ್ದು ತಿಂದು ಬಾಯಿ ಹುಣ್ಣಾದರೆ ನಮ್ಮಂತೆಯೇ ‘ಬಿಸಿ ಏರಿದೆ’ ಎನ್ನುತ್ತಾರೆ, ‘ಲಿಯಾಂಗ್ ಚಾ’ ಎಂಬ ತಂಪು ಕಷಾಯ ಕುಡಿಯುತ್ತಾರೆ. 2006ರಲ್ಲಿ ಚೀನಾ ಸರಕಾರ ಅದನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಸಿಗೆಯಲ್ಲಿ ಹೆಸರುಕಾಳು ಬೇಯಿಸಿದ ನೀರು ಅವರದ್ದು. ಹೆಸರುಬೇಳೆ ಕೋಸಂಬರಿ ನಮ್ಮದು. ಸೇವಂತಿಗೆ ಹೂವಿನ ಚಹಾ ದುಬೈಯ ಡ್ರ್ಯಾಗನ್ ಮಾರ್ಟಿನಲ್ಲಿ ನೋಡಿದವರಿರಬಹುದು. ನಮ್ಮ ಪುನರ್ಪುಳಿ ಶರಬತ್ತು, ಲಾವಂಚದ ನೀರು, ಒಂದೆಲಗದ ತಂಬುಳಿಯ ಎದುರು ಅದು ಸಪ್ಪೆ ಎಂಬುದು ನಮ್ಮ ಮನೆಯವರೆಲ್ಲರ ತೀರ್ಮಾನ. ಒಂದು ಮಾತ್ರ ನೆನಪಿರಲಿ: ಬಾಯಿ ಹುಣ್ಣಿಗೆ ತಂಪು ಎಂದು ಗಸಗಸೆ ಕಟ್ಟಿಕೊಂಡು ಯಾರೂ ಬರಬೇಡಿ. ಯುಎಇ, ಸೌದಿಯಲ್ಲಿ ಗಸಗಸೆ ನಿಷಿದ್ಧ ವಸ್ತು. ಪಾಯಸದ ಆಸೆಗೆ ಜೈಲು ಕಂಡವರಿದ್ದಾರೆ. ಹೆಸರಿಲ್ಲದ, ಲೇಬಲ್ಲಿಲ್ಲದ ಚೀನೀ ಬೇರುಪುಡಿಯೂ ಬೇಡ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಕೊಟ್ಟ ಚೀನೀ ಮೂಲಿಕೆಯಲ್ಲಿ ಬೇರೆ ಗಿಡದ ಬೇರು ಸೇರಿ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಕೆಟ್ಟಿತು.

ಜರ್ಮನರ ಮನೆಮದ್ದು ಮಾತ್ರ ನಮಗೆ ತಲೆಕೆಳಗಾಗಿ ಕಂಡಿತು. ಹೊಟ್ಟೆಯಲ್ಲಿ ಏನೇ ಆಗಲಿ, ಅವರು ರಬ್ಬರಿನ ಬಿಸಿನೀರಿನ ಚೀಲ ಹೊಟ್ಟೆಯ ಮೇಲೆ ಇಟ್ಟು ಕ್ಯಾಮೊಮೈಲ್ ಹೂವಿನ ಚಹಾ ಕುಡಿಯುತ್ತಾರೆ. ನಾವು ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ ಬಿಸಿ ಇಳಿಸುವವರು. ಅವರು ಬಿಸಿ ಏರಿಸುವವರು. ಚೀನೀಯರು ಎರಡನ್ನೂ ಮಾಡುತ್ತಾರೆ. ಒತ್ತಿದರೆ ಹಿತವಾಗುವ ಹೊಟ್ಟೆಗೆ ಶಾಖ, ಒತ್ತಿದರೆ ನೋಯುವ, ತಣ್ಣೀರು ಬೇಡುವ ಹೊಟ್ಟೆಗೆ ತಂಪು.

ಸೂಜಿಯ ವಿಷಯದಲ್ಲಿ ಜರ್ಮನರು ಲೆಕ್ಕಾಚಾರದವರು. ಅಲ್ಲಿನ ವಿಮಾ ಸಂಸ್ಥೆಗಳು ದೊಡ್ಡ ಪ್ರಯೋಗಗಳನ್ನೇ ಮಾಡಿಸಿದವು. ಸೊಂಟನೋವಿಗೆ ಸೂಜಿ ಸಾಮಾನ್ಯ ಚಿಕಿತ್ಸೆಗಿಂತ ಮೇಲಾಯಿತು. ಆದರೆ ತಪ್ಪು ಜಾಗದಲ್ಲಿ ಮೇಲೆ ಮೇಲೆ ಚುಚ್ಚಿದ ಸೂಜಿಯೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡಿತು! 2007ರಿಂದ ಹಳೆಯ ಸೊಂಟನೋವು, ಮಂಡಿನೋವಿಗೆ ವಿಮೆ ಹಣ ಕೊಡುತ್ತದೆ. ಹೊಟ್ಟೆಯ ಉರಿ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ನಾವು ಸೂಜಿಯನ್ನು ಹೊಗಳುವುದಿಲ್ಲ, ಪ್ರಶ್ನೆಗಳನ್ನು ಹೊಗಳುತ್ತೇವೆ. ದಾವಣಗೆರೆಯವರಿಗೆ ಆ ವೈದ್ಯೆ ಕೊಟ್ಟ ಮುಖ್ಯ ಔಷಧಿ, ರಾತ್ರಿ ಏಳಕ್ಕೆ ಊಟ ಮುಗಿಸಬೇಕೆಂಬ ಕಟ್ಟುಪಾಡು. ತಿಂಗಳಲ್ಲಿ ಗುಣ ಕಂಡಿತು. ಏಳಕ್ಕೆ ಊಟ ಮಾಡಲು ಅವರಿಗೆ ಆಗುತ್ತಿತ್ತು ಎಂಬುದನ್ನೂ ಹೇಳಬೇಕು. ರಾಬರ್ಟ್ ಬಾಷ್ ತನ್ನ ಕಾರ್ಖಾನೆಯಲ್ಲಿ ಎಂಟು ಗಂಟೆಯ ಕೆಲಸ ಜಾರಿಗೆ ತಂದದ್ದು 1906ರಲ್ಲಿ. ಹೋಮಿಯೋಪತಿ ನಂಬಿದ್ದ ಆತ 1940ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಆಸ್ಪತ್ರೆಯನ್ನೇ ಕಟ್ಟಿಸಿದ. ಕೆಲಸಗಾರರ ಹೊಟ್ಟೆಗೆ ಆ ಆಸ್ಪತ್ರೆಗಿಂತ ಎಂಟು ಗಂಟೆಯ ನಿಯಮವೇ ಹೆಚ್ಚು ಉಪಕಾರ ಮಾಡಿರಬೇಕು ಎಂದು ನಮ್ಮ ಅಂದಾಜು.

ಇನ್ನು ನಮ್ಮೆಲ್ಲರ ಬ್ಯಾಗಿನಲ್ಲಿರುವ ಪ್ಯಾನ್ ಮಾತ್ರೆ. ಅದರೊಳಗಿನ ಪ್ಯಾಂಟೊಪ್ರಜೋಲ್ ಹುಟ್ಟಿದ್ದು ಫೊಯರ್‌ಬಾಕ್ ಇರುವ ರಾಜ್ಯದಲ್ಲಿಯೇ, ದಕ್ಷಿಣದ ಸರೋವರದ ದಡದ ಕೊನ್‌ಸ್ಟಾನ್ಸ್ ಎಂಬ ಊರಿನಲ್ಲಿ. ಮಾರುಕಟ್ಟೆಗೆ ಬಂದದ್ದು 1994ರಲ್ಲಿ. ಒಳ್ಳೆಯ ಔಷಧಿ, ಆಮ್ಲದ ಉತ್ಪತ್ತಿಯನ್ನೇ ಇಳಿಸುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಸರಿಯಾಗಿ ಕೆಲಸ ಮಾಡುತ್ತದೆ. ಆದರೆ ಬಾಗಿಲು ತಟ್ಟುವವನು ಯಾರೆಂದು ನೋಡದೆ ವರ್ಷಗಟ್ಟಲೆ ನುಂಗಿದರೆ, ಒಳಗಿನ ಹುಣ್ಣಿಗೋ ಗಡ್ಡೆಗೋ ಮುಸುಕು ಹಾಕಿದಂತೆ. ಹುಣ್ಣಿಗೆ ಬಹಳ ಸಲ ಕಾರಣ ಹೆಲಿಕೋಬ್ಯಾಕ್ಟರ್ ಎಂಬ ಕ್ರಿಮಿ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದ. ಉಸಿರಿನ ಅಥವಾ ಮಲದ ಪರೀಕ್ಷೆಯಲ್ಲಿ ಸಿಗುತ್ತದೆ, ಎರಡು ವಾರದ ಔಷಧಿಯಲ್ಲಿ ಸಾಮಾನ್ಯವಾಗಿ ಹೋಗುತ್ತದೆ. ಇನ್ನೊಂದು ದೊಡ್ಡ ಕಾರಣ ಬೆನ್ನುನೋವಿಗೆ ನಾವೇ ಕೊಂಡು ನುಂಗುವ ಬ್ರೂಫೆನ್, ಡೈಕ್ಲೋಫೆನಾಕ್. ಕೆಲಸಕ್ಕಾಗಿ ಬೆನ್ನು, ಬೆನ್ನಿಗಾಗಿ ಮಾತ್ರೆ, ಮಾತ್ರೆಯಿಂದ ಹೊಟ್ಟೆ.

ತಂಪು ಬಿಸಿ ಎಂದು ಮನೆಮದ್ದು ಮಾಡುತ್ತಾ ಕೂರಬಾರದ ಉರಿಗಳಿವೆ. ಡಾಂಬರಿನಂಥ ಕಪ್ಪು ಮಲ, ರಕ್ತ ವಾಂತಿ ಕಂಡರೆ ಆ ಕ್ಷಣವೇ ಆಸ್ಪತ್ರೆ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿತ ಇದ್ದರೆ ರಜೆಗೆ ಊರಿಗೆ ಹೋಗುವವರೆಗೆ ಕಾಯಬೇಡಿ. ಬಿಸಿಲಿನಲ್ಲಿ ಕೆಲಸ ಮಾಡುವವನ ಮೈ ಸುಟ್ಟು, ಮಾತು ತೊದಲಿದರೆ ಅದು ನಮ್ಮ ಉಷ್ಣವಲ್ಲ, ಹೀಟ್ ಸ್ಟ್ರೋಕ್. ಆಂಬುಲೆನ್ಸ್ ಬರುವವರೆಗೆ ನೆರಳಿಗೆ ತಂದು ಮೈಗೆಲ್ಲ ನೀರು ಹಾಕಿ ಗಾಳಿ ಬೀಸಬೇಕು. ಎಲ್ಲಕ್ಕಿಂತ ಮೋಸಗಾರ ಉರಿ ಹೃದಯದ್ದು: ಮೇಲ್ಹೊಟ್ಟೆಯಲ್ಲೋ ಎದೆಯ ನಡುವೆಯೋ ಉರಿ ಅಥವಾ ಭಾರ, ಜೊತೆಗೆ ತಣ್ಣನೆಯ ಬೆವರು, ಉಸಿರು ಸಿಕ್ಕದಿರುವುದು, ಕೈಗೋ ದವಡೆಗೋ ಹರಿಯುವ ನೋವು, ಮೆಟ್ಟಿಲು ಹತ್ತಿದರೆ ಹೆಚ್ಚಾಗುವುದು. ವಯಸ್ಸು ಮೂವತ್ತೈದು ಎಂದು ಧೈರ್ಯ ಬೇಡ. ಸಕ್ಕರೆ ಕಾಯಿಲೆ, ಸಿಗರೇಟು ಇದ್ದರಂತೂ ಬೇಡವೇ ಬೇಡ. ಸೋಡಾ ಹುಡುಕುತ್ತಾ ಬಕಾಲಕ್ಕೆ ಇಳಿಯಬೇಡಿ. ಆಂಬುಲೆನ್ಸಿಗೆ ಯುಎಇಯಲ್ಲಿ 998, ಸೌದಿಯಲ್ಲಿ 997, ಕತಾರ್ ಮತ್ತು ಬಹರೈನ್‌ನಲ್ಲಿ 999, ಕುವೈತಿನಲ್ಲಿ 112, ಒಮಾನಿನಲ್ಲಿ 9999. ರೂಮಿನವರನ್ನು ಎಬ್ಬಿಸಲು ಸಂಕೋಚ ಪಟ್ಟುಕೊಳ್ಳುವವರು ನಮ್ಮಲ್ಲಿ ಬಹಳ.

ಉಳಿದ ದಿನಗಳಲ್ಲಿ, ಡಾಕ್ಟರ ಎದುರು ‘ಉಷ್ಣ’ ಎಂದು ನಿಲ್ಲಿಸದೆ ಆ ಚೀನೀ ವೈದ್ಯೆ ಕೇಳಿದ್ದಕ್ಕೆಲ್ಲ ಉತ್ತರ ಸಿದ್ಧವಿಟ್ಟುಕೊಂಡು ಹೋಗಿ. ಎಲ್ಲಿ ಉರಿ, ಬೆರಳಿಟ್ಟು ತೋರಿಸಿ. ಊಟಕ್ಕೆ ಮೊದಲು ಬಂದು ಉಂಡರೆ ಕಡಿಮೆಯಾಗುತ್ತದೋ, ಉಂಡ ಮೇಲೆ ಮಲಗಿದರೆ ಹೆಚ್ಚಾಗುತ್ತದೋ, ಮಧ್ಯರಾತ್ರಿ ಎಬ್ಬಿಸುತ್ತದೋ ಹೇಳಿ. ಮೊದಲನೆಯದು ಹುಣ್ಣಿನ ಕಡೆಗೆ, ಎರಡನೆಯದು ಆಮ್ಲ ಮೇಲೇರುವ ಕಡೆಗೆ ಡಾಕ್ಟರರ ಯೋಚನೆಯನ್ನು ತಿರುಗಿಸುತ್ತದೆ. ತಿನ್ನುತ್ತಿರುವ ನೋವಿನ ಮಾತ್ರೆಯ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಹಿಂದಿ, ಉರ್ದುವಿನವರಾದರೆ ‘ಪೇಟ್ ಮೇಂ ಜಲನ್’. ಎದೆಯಾದರೆ ‘ಸೀನೇ ಮೇಂ ಜಲನ್’. ‘ಗರ್ಮಿ’ ಎಂದರೆ ಸೆಕೆ ಎಂದು ಎಸಿ ಜೋರು ಮಾಡಿಯಾರು. ಮಲಯಾಳದಲ್ಲಿ ಎದೆಯುರಿಗೆ ‘ನೆಂಜೆರಿಚ್ಚಿಲ್’. ಅರಬಿಯವರಿಗೆ ‘ಹುರ್ಕಾ ಫಿಲ್ ಮಿಅದಾ’, ಹೊಟ್ಟೆಯಲ್ಲಿ ಉರಿ. ಹ ಅಕ್ಷರವನ್ನು ಗಂಟಲಿನಿಂದ ಸ್ವಲ್ಪ ಬಿಗಿಯಾಗಿ ಹೇಳಬೇಕು. ಅಷ್ಟು ಬಾರದಿದ್ದರೂ ಕೈಯನ್ನು ಸರಿಯಾದ ಜಾಗದಲ್ಲಿ ಇಟ್ಟು ಹೇಳಿದರೆ ಈಜಿಪ್ಟಿನ ಡಾಕ್ಟರರಿಗೆ ತಿಳಿಯುತ್ತದೆ.